ಮತ್ತೆ ಓಟದತ್ತ: ದಮ್ಮು ಮತ್ತು ದೇಹಬಲದ ಸಮನ್ವಯ

ಶಾಲಾ ಕಾಲೇಜುಗಳ ದಿನಗಳಲ್ಲಿ ಓಟದ ಅಭ್ಯಾಸವಿದ್ದ ಅನೇಕರು ಉದ್ಯೋಗ, ಸಂಸಾರ ಹಾಗೂ ನಗರದ ದೀರ್ಘ ಪ್ರಯಾಣಗಳ ನಡುವೆ ಅದನ್ನು ಕೈಬಿಟ್ಟಿರುತ್ತಾರೆ. ರಕ್ತದೊತ್ತಡವೋ ಸಕ್ಕರೆಯ ಅಂಶವೋ ಹೆಚ್ಚಿದೆಯೆಂದು ವೈದ್ಯರು ತಿಳಿಸಿದಾಗ ಅದರ ನೆನಪಾಗುತ್ತದೆ. ಮರುದಿನವೇ ಹಳೆಯ ವೇಗದಲ್ಲಿ ಓಡಲು ಹೊರಡುವುದು, ಕೆಲವು ವಾರಗಳಲ್ಲಿ ಮೊಣಕಾಲು ಅಥವಾ ಹಿಮ್ಮಡಿಯ ನೋವಿನಿಂದ ನಿಲ್ಲಿಸುವುದು ಸಾಮಾನ್ಯವಾಗಿ ಕಂಡುಬರುವ ಸಂಗತಿ.

ಇದರ ಕಾರಣ ದೇಹದ ರಚನೆಯಲ್ಲಿಯೇ ಇದೆ. ಹೃದಯ ಮತ್ತು ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಶ್ರಮಕ್ಕೆ ಹೊಂದಿಕೊಳ್ಳತೊಡಗುತ್ತವೆ. ಮೂಳೆಗಳಿಗೂ, ಸ್ನಾಯುಗಳನ್ನು ಮೂಳೆಗೆ ಬಿಗಿದಿರುವ ಸ್ನಾಯುರಜ್ಜುಗಳಿಗೂ ಅದಕ್ಕೆ ತಿಂಗಳುಗಳೇ ಬೇಕು. ಓಡುವಾಗ ಪ್ರತಿ ಹೆಜ್ಜೆಯಲ್ಲಿಯೂ ಶರೀರದ ತೂಕದ ಸುಮಾರು ಎರಡರಿಂದ ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. ಉಸಿರು ಸಾಲುತ್ತದೆಂಬ ಧೈರ್ಯದಿಂದ ದೂರವನ್ನು ಹೆಚ್ಚಿಸಿದರೆ ಕಾಲು ಅದನ್ನು ತಾಳಲಾರದು. ಬಲವರ್ಧಕ ವ್ಯಾಯಾಮದ ಅಗತ್ಯ ಇಲ್ಲಿಯೇ ಇದೆ. ವಯಸ್ಸಿನೊಂದಿಗೆ ಕುಗ್ಗುವ ಸ್ನಾಯುಬಲವನ್ನು ಉಳಿಸಿಕೊಳ್ಳಲೂ ಅದು ನೆರವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರದಲ್ಲಿ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮ ಅವಶ್ಯಕ. ಇದರೊಂದಿಗೆ ಕನಿಷ್ಠ ಎರಡು ದಿನ ಪ್ರಮುಖ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನೂ ಮಾಡಬೇಕು.

ಈ ಎರಡನ್ನೂ ಹೀಗೆ ಹೊಂದಿಸಿಕೊಳ್ಳಬಹುದು. ಸೋಮವಾರ, ಬುಧವಾರ ಮತ್ತು ಶನಿವಾರ ಓಟ; ಮಂಗಳವಾರ ಮತ್ತು ಗುರುವಾರ ಬಲವರ್ಧನೆ; ಉಳಿದ ದಿನಗಳಲ್ಲಿ ವಿಶ್ರಾಂತಿ ಅಥವಾ ನಡಿಗೆ. ಆರಂಭದಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಆವೃತ್ತಿಗಳು ಸಾಕು. ಓಡುತ್ತಿರುವಾಗಲೂ ಪಕ್ಕದವರೊಡನೆ ಮಾತನಾಡಲು ಸಾಧ್ಯವಾಗುವಷ್ಟೇ ವೇಗವಿರಲಿ. ವಾರ ಕಳೆದಂತೆ ಓಟದ ಅವಧಿಯನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು. ವೇಗದ ವಿಚಾರ ಅನಂತರದ್ದು.

ಬಲವರ್ಧನೆಗೆ ದುಬಾರಿ ಸಲಕರಣೆಗಳು ಬೇಕಿಲ್ಲ. ನಮ್ಮ ಗರಡಿಮನೆಗಳಲ್ಲಿ ಬಳಕೆಯಲ್ಲಿದ್ದ ಬಸ್ಕಿ ಮತ್ತು ದಂಡ, ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ಎತ್ತಿ ಇಳಿಸುವುದು, ಇವುಗಳನ್ನು ಹತ್ತು ಹನ್ನೆರಡು ಸಲದಂತೆ ಎರಡು ಮೂರು ಬಾರಿ ಮಾಡಬಹುದು. ಅಭ್ಯಾಸವಾದಂತೆ ಭಾರವನ್ನು ಸೇರಿಸಿಕೊಳ್ಳಬಹುದು. ದೀರ್ಘ ಓಟದ ಹಿಂದಿನ ದಿನ ಕಾಲುಗಳಿಗೆ ಕಠಿಣ ವ್ಯಾಯಾಮ ಬೇಡ. ದಣಿದ ಸ್ನಾಯುಗಳು ಹೆಜ್ಜೆಯ ಹೊಡೆತವನ್ನು ಸರಿಯಾಗಿ ತಡೆಯಲಾರವು.

ಊರಿನ ಹವೆಯನ್ನೂ ಗಮನಿಸಬೇಕು. ಮುಂಬಯಿ, ಚೆನ್ನೈಗಳ ಸೆಕೆಯಲ್ಲಿ ಬೆವರು ಬೇಗ ಆರುವುದಿಲ್ಲವಾದ್ದರಿಂದ ನಸುಕಿನ ಓಟ ಲೇಸು. ದೆಹಲಿಯ ಚಳಿಗಾಲದಲ್ಲಿ ವಾಯು ಗುಣಮಟ್ಟ ಸೂಚ್ಯಂಕ 200ನ್ನು ಮೀರಿ 'ಕಳಪೆ' ಎನಿಸಿದ ದಿನ ಓಟದ ಬದಲು ಮನೆಯೊಳಗಿನ ವ್ಯಾಯಾಮವನ್ನು ಆರಿಸಿಕೊಳ್ಳುವುದು ಉಚಿತ.

ಹೃದ್ರೋಗ, ಮಧುಮೇಹ ಅಥವಾ ಅಧಿಕ ರಕ್ತದೊತ್ತಡ ಇರುವವರು ವೈದ್ಯರ ಸಲಹೆ ಪಡೆದೇ ಓಟವನ್ನು ಆರಂಭಿಸಬೇಕು. ಓಡುವಾಗ ಎದೆನೋವು, ತಲೆಸುತ್ತು ಅಥವಾ ಅಸಹಜ ಏದುಸಿರು ಕಾಣಿಸಿಕೊಂಡರೆ ಕೂಡಲೇ ನಿಲ್ಲಿಸಿ ವೈದ್ಯಕೀಯ ನೆರವು ಪಡೆಯಬೇಕು. ಎರಡು ದಿನಗಳಲ್ಲಿ ಕರಗುವ ಮೈಕೈ ನೋವು ಸಹಜ. ಮೂಳೆಯ ಒಂದೇ ಜಾಗದಲ್ಲಿ ಉಳಿದು ಬೆಳೆಯುವ ನೋವನ್ನು ಅಲಕ್ಷಿಸಬಾರದು. ಮೊದಲ ಮೂರು ತಿಂಗಳು ತಾಳ್ಮೆಯಿಂದ ಓಡಿದವರಿಗೆ ಮುಂದಿನ ವರ್ಷಗಳ ಓಟ ಸುಗಮವಾಗುತ್ತದೆ.