ಮೂರನೇ ನಂಬರಿನ ಮೀನೂಟ

ಶ್ರೀ ವಿಜಯಪುರಕ್ಕೆ ಹೋಗ್ತಿದ್ದೀವಿ ಅಂದಾಗ ಅಮ್ಮ ನಕ್ಕುಬಿಟ್ಟಳು. "ವಿಜಯಪುರಕ್ಕೆ ಏರೋಪ್ಲೇನ್ ಯಾಕೋ, ಬಸ್ ಇಲ್ವಾ?" ಸೂಲಿಬೆಲೆಯವರಿಗೆ ವಿಜಯಪುರ ಅಂದರೆ ದೇವನಹಳ್ಳಿ ತಾಲ್ಲೂಕಿನದು, ಅಷ್ಟೇ. ಅಂಡಮಾನಿನ ಪೋರ್ಟ್ ಬ್ಲೇರ್‌ಗೆ 2024ರ ಸೆಪ್ಟೆಂಬರಿನಲ್ಲಿ ಈ ಹೆಸರು ಇಟ್ಟಿದ್ದಾರೆ ಎಂದು ನಾನು ಬಿಡಿಸಿ ಹೇಳುವಷ್ಟರಲ್ಲಿ ರಾಗಿ ಹುರಿಹಿಟ್ಟಿನ ಡಬ್ಬಿ ಬ್ಯಾಗಿನೊಳಗೆ ಸೇರಿಯಾಗಿತ್ತು. ಅಲ್ಲಿ ಎಲ್ಲ ಸಿಗುತ್ತಮ್ಮ ಎಂದೆ. "ಸಿಗ್ತದೆ, ಎಷ್ಟಕ್ಕೆ ಸಿಗ್ತದೆ?" ಎಂದಳು.

ಆ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳಬೇಕಿತ್ತು. ಟಿಕೆಟ್ ದರ ಇಳಿಯಲಿ ಎಂದು ಎರಡು ತಿಂಗಳು ಮೊಬೈಲ್ ನೋಡಿಕೊಂಡು ಕಾದವನು ನಾನು. ಊಟಕ್ಕೆ ಮಾತ್ರ ಲೆಕ್ಕದ ಪುಸ್ತಕದಲ್ಲಿ ಅಂದಾಜಿಗೆ 15,000 ಎಂದು ಬರೆದು ಕೈತೊಳೆದುಕೊಂಡಿದ್ದೆ. ನಾವು ನಾಲ್ವರು, ಐದು ದಿನ. ಬೆಳಗಿನ ತಿಂಡಿ ರೂಮಿನ ಬಾಡಿಗೆಯಲ್ಲೇ ಸೇರಿತ್ತು, ಉಳಿದದ್ದು ಹತ್ತು ಹೊತ್ತಿನ ಊಟ.

ಹ್ಯಾವ್ಲಾಕ್ ದ್ವೀಪದಲ್ಲಿ ಮೊದಲ ರಾತ್ರಿಯೇ ಪೆಟ್ಟು ಬಿತ್ತು. ಇದರ ಸರ್ಕಾರಿ ಹೆಸರು 2018ರ ಡಿಸೆಂಬರಿನಿಂದ ಸ್ವರಾಜ್ ದ್ವೀಪ, ಬಾಯಲ್ಲಿ ಎಲ್ಲರಿಗೂ ಇನ್ನೂ ಹ್ಯಾವ್ಲಾಕೇ. ರೆಸಾರ್ಟಿನ ಹೆಸರು ಬೇಡ, ತಪ್ಪಿನಲ್ಲಿ ನನ್ನ ಪಾಲೂ ಇದೆ. ಐಸ್ ಮೇಲೆ ಮಲಗಿಸಿದ್ದ ಮೀನಿನ ಪಕ್ಕ 280 ಎಂಬ ಚೀಟಿ ಇತ್ತು. ಒಂದು ಪ್ಲೇಟಿಗೆ ಎಂದುಕೊಂಡು ತಲೆಯಾಡಿಸಿದೆ. ಅದು ನೂರು ಗ್ರಾಮಿನ ದರ, ಅದೂ ಹಸಿ ಮೀನಿನ ತೂಕಕ್ಕೆ. ನಮ್ಮ ಮೀನು 900 ಗ್ರಾಂ ತೂಗಿತ್ತು: 2,520 ರೂಪಾಯಿ. ಅನ್ನ, ದಾಲ್, ರೊಟ್ಟಿ, ಪನೀರ್, ಲೈಮ್ ಸೋಡಾ ಎಲ್ಲ ಸೇರಿ 4,580. ಅದರ ಮೇಲೆ ಶೇ 10 ಸರ್ವಿಸ್ ಚಾರ್ಜ್, ಆ ಚಾರ್ಜನ್ನೂ ಸೇರಿಸಿಕೊಂಡು ಶೇ 5 ಜಿಎಸ್‌ಟಿ.

ಸರ್ವಿಸ್ ಚಾರ್ಜ್ ಕೊಡಲೇಬೇಕಾದದ್ದಲ್ಲ. ಅದನ್ನು ಬಿಲ್ಲಿಗೆ ತಾವಾಗಿಯೇ ಸೇರಿಸಕೂಡದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ನಾನು ಕೇಳಿದೆ, ಮ್ಯಾನೇಜರ್ ಮುಖ ಗಂಟು ಹಾಕಿಕೊಂಡೇ ತೆಗೆದ. ಆದರೂ 4,809. ಅಮ್ಮ ಬಿಲ್ ತಿರುಗಿಸಿ ತಿರುಗಿಸಿ ನೋಡಿ, "ಈ ದುಡ್ಡಿಗೆ ಎಷ್ಟು ಬಾಕ್ಸ್ ಟೊಮೆಟೊ ಮಾರಬೇಕು ಗೊತ್ತಾ?" ಎಂದಳು. ಗೊತ್ತಿತ್ತು. ಅದಕ್ಕೇ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಎದ್ದು ಊರಿನ ಬುದ್ಧಿ ಉಪಯೋಗಿಸಿದೆ. ಹೊಸಕೋಟೆಯಿಂದ ದೇವನಹಳ್ಳಿಗೆ ಹೋಗುವ ನಮ್ಮ ರಸ್ತೆಯಲ್ಲಿ ಯಾವ ಹೋಟೆಲ್ ಒಳ್ಳೆಯದು ಎಂದು ಯಾರೂ ಬೋರ್ಡ್ ನೋಡಿ ಹೇಳುವುದಿಲ್ಲ, ಎಲ್ಲಿ ಲಾರಿ ನಿಂತಿವೆ ಎಂದು ನೋಡುತ್ತಾರೆ. ಹೊಸಕೋಟೆ ಬಿರಿಯಾನಿಗೆ ಬೆಂಗಳೂರಿನವರು ಬೆಳಗಿನ ಜಾವಕ್ಕೇ ಬಂದು ಕ್ಯೂ ನಿಲ್ಲುವುದು ಅಲ್ಲಿನ ಕುರ್ಚಿ ನೋಡಿಯೇನಲ್ಲ. ಹಾಗಾಗಿ ಆಟೋದವನನ್ನು "ಒಳ್ಳೆ ಹೋಟೆಲ್ ಎಲ್ಲಿದೆ" ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಕಮಿಷನ್ ಕೊಡುವ ಕಡೆಗೇ ಕರೆದೊಯ್ಯುತ್ತಾರೆ. "ನೀವು ಮಧ್ಯಾಹ್ನ ಎಲ್ಲಿ ಊಟ ಮಾಡ್ತೀರಿ?" ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. "ತೀನ್ ನಂಬರ್" ಎಂದ.

ಹ್ಯಾವ್ಲಾಕಿನ ಊರುಗಳಿಗೆ ನಂಬರುಗಳೇ ಹೆಸರು. ಒಂದನೆಯದು ಹಡಗುಕಟ್ಟೆ, ಏಳನೆಯದು ಎಲ್ಲರೂ ಫೋಟೋ ತೆಗೆಸಿಕೊಳ್ಳುವ ರಾಧಾನಗರ ಬೀಚ್. ಮೂರನೆಯದು ಗೋವಿಂದನಗರ, ದ್ವೀಪದ ಸಂತೆಬೀದಿ. ಇಲ್ಲಿನವರಲ್ಲಿ ಹೆಚ್ಚಿನವರು ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳವರು. ಮೀನು, ಅನ್ನ ಅವರ ದಿನದ ಊಟ, ಪ್ರವಾಸಿಗರಿಗಾಗಿ ಮಾಡಿಟ್ಟ ಸ್ಪೆಷಲ್ ಅಲ್ಲ.

ತಗಡಿನ ಸೂರು, ನಾಲ್ಕು ಬೆಂಚು. ಸ್ಟೀಲ್ ತಟ್ಟೆಯಲ್ಲಿ ಅನ್ನದ ಗುಡ್ಡೆ, ಪಕ್ಕದಲ್ಲಿ ತೆಳ್ಳನೆ ಬೇಳೆ, ಸಾಸಿವೆ ಎಣ್ಣೆಯಲ್ಲಿ ಕರಿದ ಆಲೂಗಡ್ಡೆ, ಒಂದು ಪಲ್ಯ. ಅರಿಸಿನ ಹಚ್ಚಿ ಕರಿದ ಮೀನಿನ ತುಂಡು ತೆಳು ಸಾರಿನಲ್ಲಿ ಅರ್ಧ ಮುಳುಗಿತ್ತು. ಸಾಸಿವೆ ಎಣ್ಣೆಯ ಘಾಟಿಗೆ ನನ್ನ ಮಗಳು ಮೂಗು ಮುಚ್ಚಿಕೊಂಡಳು, ಎರಡನೇ ತುತ್ತಿಗೆ ಕೈ ತೆಗೆದಳು. ಅನ್ನ, ಬೇಳೆ ಕೇಳಿದಷ್ಟು ಬಡಿಸಿದರು. ಸೋಮವಾರವಾದ್ದರಿಂದ ಅಮ್ಮ ಮೀನು ಮುಟ್ಟಲಿಲ್ಲ. ಮೂರು ಮೀನೂಟ 660, ಅಮ್ಮನ ಸಸ್ಯಾಹಾರದ ಊಟ 150, ಒಟ್ಟು 810 ರೂಪಾಯಿ. ಹಿಂದಿನ ರಾತ್ರಿಯ ಬಿಲ್ಲಿನ ಆರರಲ್ಲೊಂದು ಪಾಲು.

ಇಷ್ಟು ವ್ಯತ್ಯಾಸಕ್ಕೆ ಎಸಿ, ಕಡಲ ನೋಟ ಮಾತ್ರ ಕಾರಣವಲ್ಲ. ಪನೀರು, ಚೀಸು, ಕೋಳಿ ಮಾಂಸದ ಪ್ಯಾಕೆಟ್ಟು ಇವೆಲ್ಲ ಹೆಚ್ಚಾಗಿ ಚೆನ್ನೈನಿಂದಲೋ ಕೋಲ್ಕತ್ತದಿಂದಲೋ ಹಡಗು ಹತ್ತಿ ಬರಬೇಕು. ಮತ್ತೆ ಇನ್ನೊಂದು ದೋಣಿ ಹತ್ತಿ ಹ್ಯಾವ್ಲಾಕಿಗೆ. ಆ ಬಾಡಿಗೆಯನ್ನು ತೆರುವುದು ತಿನ್ನುವವನೇ. ಮೀನು, ತೆಂಗು, ಬಾಳೆ, ಸೊಪ್ಪಿಗೆ ಆ ಹೊರೆ ಇಲ್ಲ. ಪಕ್ಕದ ನೀಲ್ ದ್ವೀಪವಂತೂ ಅಂಡಮಾನಿಗೆ ತರಕಾರಿ ಬೆಳೆದು ಕಳಿಸುವ ನೆಲ. ಅಲ್ಲಿಗೆ ಹೋದಾಗ ಅಮ್ಮ ಬೀಚಿನ ಕಡೆ ನೋಡಲೇ ಇಲ್ಲ, ಬದನೆ ರಾಶಿಯ ಮುಂದೆ ಕೂತು ಉಗುರಿನಿಂದ ಚುಚ್ಚಿ ನೋಡಿದಳು. "ನಮ್ಮದಕ್ಕಿಂತ ಎಳೇದು" ಎಂದಳು. ಅವಳ ಬಾಯಲ್ಲಿ ಇದು ದೊಡ್ಡ ಮೆಚ್ಚುಗೆ.

ರಜೆಯಲ್ಲೂ ಜುಗ್ಗತನವೇ ಎಂದು ಹೆಂಡತಿ ಒಂದು ಸಲ ಕೆಣಕಿದಳು. ಅಲ್ಲ. ಕೊನೆಯ ರಾತ್ರಿ ಕಡಲ ದಡದಲ್ಲೇ ಕೂತು 2,400 ಕೊಟ್ಟು ಸುಟ್ಟ ಮೀನು ತಿಂದೆವು. ಆದರೆ ಈ ಸಲ ಮೊದಲು ತೂಕ ಹಾಕಿಸಿ, ಒಟ್ಟು ದರ ಕೇಳಿ, ಆಮೇಲೆ ಒಲೆಗೆ ಕಳಿಸಿದೆ. ಗೊತ್ತಿದ್ದು ಖರ್ಚು ಮಾಡಿದ ದುಡ್ಡು ರುಚಿ ಕೆಡಿಸುವುದಿಲ್ಲ.

ಎಳನೀರು, ಚಹಾ ಎಲ್ಲ ಸೇರಿ ಊಟದ ಲೆಕ್ಕ 16,300ಕ್ಕೆ ನಿಂತಿತು, ಅಂದಾಜಿಗಿಂತ 1,300 ಹೆಚ್ಚು. ಮೊದಲ ರಾತ್ರಿಯಂತೆಯೇ ಹತ್ತು ಹೊತ್ತೂ ಉಂಡಿದ್ದರೆ 48,000 ದಾಟುತ್ತಿತ್ತು. ಹುರಿಹಿಟ್ಟೂ ವ್ಯರ್ಥವಾಗಲಿಲ್ಲ. ಸಂಜೆ ಐದೂವರೆಗೇ ಕತ್ತಲಾಗುವ ಊರದು, ಹಸಿವೂ ಬೇಗ. ಅಮ್ಮ ಎಳನೀರಿನ ಗಂಜಿ ಕೆರೆಸಿಕೊಂಡು, ಅದೇ ಬುರುಡೆಯಲ್ಲಿ ಹುರಿಹಿಟ್ಟು, ಬೆಲ್ಲ ಕಲಸಿ ಕೊಟ್ಟಳು. ಎಳನೀರು ಮಾರುವವನೂ ಒಂದು ಮುಷ್ಟಿ ಇಸಿದುಕೊಂಡು ತಿಂದ.

ಹೋಗುವವರಿದ್ದರೆ ಎರಡು ಮಾತು. 2020ರ ಆಗಸ್ಟ್‌ನಲ್ಲಿ ಚೆನ್ನೈನಿಂದ ಕಡಲಡಿಯ ಕೇಬಲ್ ಬಂದ ಮೇಲೆ ನೆಟ್‌ವರ್ಕ್ ಸುಧಾರಿಸಿದೆ, ಆದರೂ ಫೋನ್‌ಪೇ ನಂಬಿ ಬೆಂಚಿನ ಮೇಲೆ ಕೂರಬೇಡಿ, ಜೇಬಿನಲ್ಲಿ ನೋಟಿರಲಿ. ಮತ್ತೆ ಮೂರನೇ ನಂಬರಿಗೆ ಮಧ್ಯಾಹ್ನ ಎರಡರೊಳಗೆ ಹೋಗಿ. ನಾವು ಒಂದು ದಿನ ಎರಡೂವರೆಗೆ ಹೋದೆವು, ಮೀನು ಮುಗಿದು ಪಾತ್ರೆ ತೊಳೆಯುತ್ತಿದ್ದರು.