ಹಿಂದುಳಿದ ತಾಲ್ಲೂಕು, ಸರ್ಕಾರದ ನೆರವು ಮತ್ತು ನಮ್ಮೂರಿನ ಉದ್ಯೋಗ



ಬೆಳಗ್ಗೆ ಸಂಘಕ್ಕೆ ಹಾಲು ಹಾಕಲು ಬರುವವರ ಸಾಲನ್ನು ಒಮ್ಮೆ ಗಮನಿಸಿ ನೋಡಿ. ಅನೇಕ ಊರುಗಳಲ್ಲಿ ಕ್ಯಾನು ಹಿಡಿದು ನಿಂತಿರುವವರು ನಡುವಯಸ್ಸು ದಾಟಿದ ತಂದೆತಾಯಂದಿರು. ಓದಿದ ಮಗ ಬೆಂಗಳೂರಿನ ಯಾವುದೋ ಗೋದಾಮಿನಲ್ಲಿ ಕೆಲಸಕ್ಕಿರುತ್ತಾನೆ. ಮಗಳು ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗಿರುತ್ತಾಳೆ. ಅಲ್ಲಿ ಬಂದ ಸಂಬಳದ ದೊಡ್ಡ ಪಾಲು ಬಾಡಿಗೆಗೂ ಊಟಕ್ಕೂ ಖರ್ಚಾಗಿ, ಊರಿಗೆ ಬರುವುದು ಉಳಿದಷ್ಟು ಮಾತ್ರ. ಇತ್ತ ಕೊಟ್ಟಿಗೆ ನೋಡಿಕೊಳ್ಳುವವರಿಲ್ಲದೆ ಹಸು ಮಾರಿದ ಮನೆಗಳೂ ಇವೆ.

ಉದ್ಯೋಗ ಒಂದೇ ಕಡೆ ಗುಡ್ಡೆಯಾಗದೆ ಎಲ್ಲ ಪ್ರದೇಶಗಳಿಗೂ ಹಂಚಿಕೆಯಾಗಬೇಕೆಂಬ ಉದ್ದೇಶದಿಂದ ಸರ್ಕಾರ ಹಲವು ನೆರವುಗಳನ್ನು ನೀಡುತ್ತಾ ಬಂದಿದೆ. ಆ ನೆರವು ಯಾವ ಲೆಕ್ಕದ ಮೇಲೆ ಸಿಗುತ್ತದೆ, ನಮ್ಮ ಮನೆಯ ಮಕ್ಕಳು ಅದನ್ನು ಹೇಗೆ ಬಳಸಿಕೊಳ್ಳಬಹುದು, ಎಲ್ಲಿ ಎಚ್ಚರ ವಹಿಸಬೇಕು ಎಂಬುದೇ ಈ ತಿಂಗಳ ಪಾಠ.

ಯಾವ ತಾಲ್ಲೂಕು ಹಿಂದುಳಿದದ್ದು?

ಪ್ರಾದೇಶಿಕ ಅಸಮತೋಲನವನ್ನು ಅಳೆಯಲು ಕರ್ನಾಟಕ ಸರ್ಕಾರವು 2000ರಲ್ಲಿ ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿಯೊಂದನ್ನು ನೇಮಿಸಿತು. ಸಮಿತಿಯು 2002ರಲ್ಲಿ ವರದಿ ಸಲ್ಲಿಸಿತು. ಕೃಷಿ, ಕೈಗಾರಿಕೆ, ರಸ್ತೆ, ಬ್ಯಾಂಕು, ಶಾಲೆ, ಆಸ್ಪತ್ರೆ ಮುಂತಾದ ವಿಷಯಗಳಿಗೆ ಸೇರಿದ 35 ಸೂಚಕಗಳನ್ನು ಹಿಡಿದು ಆಗಿದ್ದ 175 ತಾಲ್ಲೂಕುಗಳನ್ನು ಅದು ಅಳೆಯಿತು. ರಾಜ್ಯದ ಸರಾಸರಿ 1 ಎಂದಿಟ್ಟುಕೊಂಡು, ಅದಕ್ಕಿಂತ ಕೆಳಗಿನ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು.

ಅತ್ಯಂತ ಹಿಂದುಳಿದ 39ರಲ್ಲಿ 21 ತಾಲ್ಲೂಕುಗಳು ಗುಲ್ಬರ್ಗಾ ವಿಭಾಗವೊಂದರಲ್ಲೇ ಇದ್ದವು. ಹಾಗೆಂದು ಇದು ಉತ್ತರ ಕರ್ನಾಟಕದ ಸಮಸ್ಯೆ ಮಾತ್ರವೆಂದು ತಿಳಿಯಬಾರದು. ಬೆಂಗಳೂರಿಗೆ ಕೂಗಳತೆಯಲ್ಲಿರುವ ಕನಕಪುರ, ಮಾಗಡಿ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ದೊಡ್ಡ ನಗರ ಹತ್ತಿರವಿದ್ದ ಮಾತ್ರಕ್ಕೆ ಊರಿನಲ್ಲಿ ಉದ್ಯೋಗ ಹುಟ್ಟುವುದಿಲ್ಲ.

ಈ ವರದಿಯ ನಂತರ ಹಿಂದುಳಿದ ತಾಲ್ಲೂಕುಗಳಿಗೆ ವಿಶೇಷ ಅಭಿವೃದ್ಧಿ ಯೋಜನೆ ಬಂತು. ಸಂವಿಧಾನದ 371(ಜೆ) ವಿಧಿಯು 2013ರಲ್ಲಿ ಜಾರಿಗೆ ಬಂದು, ಇಂದು ಕಲ್ಯಾಣ ಕರ್ನಾಟಕವೆಂದು ಕರೆಯುವ ಜಿಲ್ಲೆಗಳಿಗೆ ಪ್ರತ್ಯೇಕ ಮಂಡಳಿ, ಶಿಕ್ಷಣ ಮತ್ತು ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ದೊರೆತವು. 2025ರಲ್ಲಿ ಪ್ರಕಟವಾದ ರಾಜ್ಯದ ಕೈಗಾರಿಕಾ ನೀತಿಯೂ ರಾಜ್ಯವನ್ನು ಮೂರು ವಲಯಗಳಾಗಿ ವಿಂಗಡಿಸಿ, ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳ ಹೊರಗೆ ಉದ್ದಿಮೆ ಹೂಡುವವರಿಗೆ ಹೆಚ್ಚಿನ ಪ್ರೋತ್ಸಾಹವಿಟ್ಟಿದೆ. ಸಾರಾಂಶವಿಷ್ಟೆ: ನೀವು ಯಾವ ತಾಲ್ಲೂಕಿನವರು ಎಂಬುದರ ಮೇಲೆ ನೆರವಿನ ಪ್ರಮಾಣ ಬದಲಾಗುತ್ತದೆ. ನಿಮ್ಮದು ಹೊಸ ತಾಲ್ಲೂಕಾಗಿದ್ದರೆ ಅದು ಮೊದಲು ಯಾವ ತಾಲ್ಲೂಕಿಗೆ ಸೇರಿತ್ತೆಂಬುದನ್ನೂ ಹೇಳಿ ವಿಚಾರಿಸಬೇಕು.

ಹಾಲಿನ ಕಥೆಯಲ್ಲೇ ಇರುವ ಪಾಠ

ನೆರವು ಹೇಗೆ ಬೇರೂರುತ್ತದೆ ಎಂಬುದಕ್ಕೆ ನಮ್ಮ ಹೈನುಗಾರಿಕೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ವಿಶ್ವಬ್ಯಾಂಕಿನ ನೆರವಿನಿಂದ 1974-75ರಲ್ಲಿ ಆರಂಭವಾದ ಕರ್ನಾಟಕ ಹೈನು ಅಭಿವೃದ್ಧಿ ಯೋಜನೆ ಮೊದಲು ದಕ್ಷಿಣದ 8 ಜಿಲ್ಲೆಗಳಲ್ಲಿ ಕೆಲಸ ಮಾಡಿತು. ಉಳಿದ ಜಿಲ್ಲೆಗಳಿಗೆ ಅದು ಕಾಲಿಟ್ಟದ್ದು ಕ್ಷೀರಧಾರೆ ಯೋಜನೆಯ ಎರಡನೇ ಹಂತದಲ್ಲಿ, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ ರೂಪುಗೊಂಡ ಹೊತ್ತಿಗೆ. ಆ ಹತ್ತು ವರ್ಷಗಳ ಅಂತರದ ಗುರುತು ಪೂರ್ತಿ ಅಳಿಸಿಲ್ಲ. ಮಳೆ, ಮೇವು, ನೀರಾವರಿಯ ವ್ಯತ್ಯಾಸವೂ ಅದಕ್ಕೆ ಸೇರಿಕೊಂಡು, ರಾಜ್ಯದ ಹಾಲು ಶೇಖರಣೆಯ ಬಹುಪಾಲು ಇಂದಿಗೂ ದಕ್ಷಿಣದ ಜಿಲ್ಲೆಗಳಿಂದಲೇ ಬರುತ್ತದೆ.

ಆದರೆ ಎಲ್ಲಿ ಸಂಘ ನಿಂತಿತೋ ಅಲ್ಲಿ ಏನಾಯಿತು? ಕಾರ್ಯದರ್ಶಿ, ಹಾಲು ಪರೀಕ್ಷಕ, ಕೃತಕ ಗರ್ಭಧಾರಣೆ ಕಾರ್ಯಕರ್ತ, ಹಾಲಿನ ಲಾರಿಯ ಚಾಲಕ, ಹಿಂಡಿ ಬೂಸಾ ಮಾರುವವನು, ಹೀಗೆ ಒಂದೊಂದು ಊರಿನಲ್ಲೂ ಕೆಲಸಗಳು ಹುಟ್ಟಿದವು. ಸರ್ಕಾರ ಕಟ್ಟಡ, ಯಂತ್ರಗಳಿಗೆ ನೆರವು ಕೊಟ್ಟಿತು, ನಿಜ. 2008ರಲ್ಲಿ ಲೀಟರಿಗೆ 2 ರೂ.ನಂತೆ ಪ್ರೋತ್ಸಾಹಧನ ಆರಂಭಿಸಿ, 2016ರಲ್ಲಿ ಅದನ್ನು 5 ರೂ.ಗೆ ಏರಿಸಿದ್ದೂ ನಿಜ. ಆದರೆ ಸಂಘವನ್ನು ದಿನದಿನವೂ ಉಳಿಸಿದ್ದು ಎರಡು ಹೊತ್ತು ಹಾಲು ಕೊಳ್ಳುವ ಖಚಿತ ಮಾರುಕಟ್ಟೆ ಮತ್ತು ವಾರವಾರದ ಬಟವಾಡೆ. ಈ ಮಾತನ್ನು ನೆನಪಿನಲ್ಲಿಡಿ: ನೆರವು ಉದ್ದಿಮೆಯನ್ನು ಆರಂಭಿಸಿಕೊಡುತ್ತದೆ, ಉಳಿಸುವುದು ಮಾರುಕಟ್ಟೆ.

ಮನೆಯ ಮಕ್ಕಳಿಗೆ ಯಾವ ನೆರವು?

ದೊಡ್ಡ ಕಾರ್ಖಾನೆ ನಮ್ಮೂರಿಗೆ ಬರುವುದು ನಮ್ಮ ಕೈಯಲ್ಲಿಲ್ಲ. ಆದರೆ ಸಣ್ಣ ಉದ್ದಿಮೆ ಆರಂಭಿಸುವುದು ನಮ್ಮ ಕೈಯಲ್ಲಿದೆ. ಅದಕ್ಕೆ ಮುಖ್ಯವಾಗಿ ಮೂರು ದಾರಿಗಳನ್ನು ತಿಳಿದಿರಬೇಕು.

ಮೊದಲನೆಯದು ತರಬೇತಿ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ನಡೆಸುತ್ತಿವೆ. ಇಲ್ಲಿ ತರಬೇತಿ, ಊಟ, ವಸತಿ ಉಚಿತ.

ಎರಡನೆಯದು ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ. ಇದು 2008ರಲ್ಲಿ ಆರಂಭವಾಯಿತು. 2022ರ ಮಾರ್ಗಸೂಚಿಯಂತೆ ತಯಾರಿಕಾ ಘಟಕಕ್ಕೆ 50 ಲಕ್ಷ ರೂ., ಸೇವಾ ಘಟಕಕ್ಕೆ 20 ಲಕ್ಷ ರೂ. ವೆಚ್ಚದವರೆಗೆ ಅವಕಾಶವಿತ್ತು. ಗ್ರಾಮಾಂತರದಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು, ಮಾಜಿ ಸೈನಿಕರು, ಅಂಗವಿಕಲರು ಮೊದಲಾದವರಿಗೆ ಶೇ. 35 ಸಹಾಯಧನ. ಮಹತ್ವಾಕಾಂಕ್ಷೆಯ ಜಿಲ್ಲೆಗಳೆಂದು ಗುರುತಿಸಿದ ರಾಯಚೂರು, ಯಾದಗಿರಿಯಂತಹ ಜಿಲ್ಲೆಗಳವರನ್ನೂ ವಿಶೇಷ ವರ್ಗಕ್ಕೆ ಸೇರಿಸಲಾಯಿತು. ಪ್ರದೇಶ ನೋಡಿ ನೆರವು ಹೆಚ್ಚಿಸುವುದೆಂದರೆ ಇದೇ.

ಮೂರನೆಯದು ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ. 2020ರಲ್ಲಿ ಬಂದ ಈ ಯೋಜನೆಯಲ್ಲಿ ಶೇ. 35ರಷ್ಟು, 10 ಲಕ್ಷ ರೂ. ಮೀರದಂತೆ ಸಹಾಯಧನ ನಿಗದಿಯಾಗಿತ್ತು. ಕರ್ನಾಟಕ ಸರ್ಕಾರವು ಅದಕ್ಕೆ ಶೇ. 15 ಸೇರಿಸಿ ಒಟ್ಟು ಶೇ. 50 ಮಾಡಿತು. ರಾಗಿ ಹುರಿಹಿಟ್ಟು, ಖಾರದ ಪುಡಿ, ಹಪ್ಪಳ, ರೊಟ್ಟಿ, ಗಾಣದ ಎಣ್ಣೆ ಮುಂತಾದ ಘಟಕಗಳಿಗೆ ಇದು ಅನುಕೂಲ.

ಈ ಯೋಜನೆಗಳ ಅವಧಿ, ಮಿತಿಗಳನ್ನು ಸರ್ಕಾರ ಕಾಲಕಾಲಕ್ಕೆ ಬದಲಿಸುತ್ತದೆ. ಆದುದರಿಂದ ಅರ್ಜಿ ಹಾಕುವ ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಈ ವರ್ಷದ ನಿಯಮವನ್ನು ಕೇಳಿ ಬರೆದುಕೊಳ್ಳಿ.

ಒಂದು ಲೆಕ್ಕ ಮಾಡೋಣ

ಸಂಘದ ಸದಸ್ಯೆಯೊಬ್ಬರು 8 ಲಕ್ಷ ರೂ. ವೆಚ್ಚದಲ್ಲಿ ಶೇಂಗಾ ಎಣ್ಣೆ ಗಾಣ ಹಾಕುತ್ತಾರೆಂದು ಇಟ್ಟುಕೊಳ್ಳೋಣ. ಉದ್ಯೋಗ ಸೃಜನ ಕಾರ್ಯಕ್ರಮದ ಮೇಲಿನ ನಿಯಮದಂತೆ:

ಸ್ವಂತ ಹಣ ಶೇ. 5: 40,000 ರೂ.
ಬ್ಯಾಂಕ್ ಸಾಲ: 7,60,000 ರೂ.
ಸಹಾಯಧನ ಶೇ. 35: 2,80,000 ರೂ.
ತಾವೇ ತೀರಿಸಬೇಕಾದ ಅಸಲು: 4,80,000 ರೂ.

ಇಲ್ಲೊಂದು ವಿಷಯ ಅನೇಕರಿಗೆ ತಿಳಿದಿಲ್ಲ. ಸಹಾಯಧನವನ್ನು ಕೈಗೆ ಕೊಡುವುದಿಲ್ಲ. ಅದು ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿರುತ್ತದೆ. ಘಟಕ ನಡೆಯುತ್ತಿದೆಯೆಂದು ತಪಾಸಣೆಯಲ್ಲಿ ಖಚಿತವಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ನಡುವೆ ಬಾಗಿಲು ಮುಚ್ಚಿದರೆ ಸಹಾಯಧನವೂ ಹೋಗಿ, ಪೂರ್ತಿ ಸಾಲ ತಲೆಯ ಮೇಲೆ ಬರುತ್ತದೆ.

4,80,000 ರೂ.ಗಳನ್ನು ಐದು ವರ್ಷದಲ್ಲಿ ತೀರಿಸಲು ತಿಂಗಳಿಗೆ 8,000 ರೂ. ಅಸಲು. ಬಡ್ಡಿ ಶೇ. 11 ಎಂದು ಹಿಡಿದರೆ ಆರಂಭದಲ್ಲಿ ತಿಂಗಳಿಗೆ 4,400 ರೂ. ಒಟ್ಟು 12,400 ರೂ. ತಿಂಗಳಲ್ಲಿ 25 ದಿನ ಗಾಣ ನಡೆದರೆ ದಿನಕ್ಕೆ ಸುಮಾರು 500 ರೂ. ಕಂತಿಗೇ ಬೇಕು. ಶೇಂಗಾ, ಕರೆಂಟು, ಕೂಲಿ ಎಲ್ಲ ಕಳೆದು 500 ರೂ. ಕಂತಿಗೆ ತೆಗೆದಿಟ್ಟ ಮೇಲೆ ಉಳಿದದ್ದೇ ಮನೆಯ ಆದಾಯ.

ಆದ್ದರಿಂದ ಅರ್ಜಿಗಿಂತ ಮೊದಲು ಮಾರುಕಟ್ಟೆ ಎಣಿಸಬೇಕು. ಸುತ್ತಲಿನ ಐದು ಊರುಗಳಲ್ಲಿ ಎಷ್ಟು ಮನೆಗಳು ಗಾಣದ ಎಣ್ಣೆ ಕೊಳ್ಳುತ್ತವೆ? ಉಳಿದ ಹಿಂಡಿಯನ್ನು ಎಷ್ಟು ಹಸುಗಳಿಗೆ ಮಾರಬಹುದು? ಹಸುಗಳ ಲೆಕ್ಕ ಸಂಘದ ಪುಸ್ತಕದಲ್ಲೇ ಸಿಗುತ್ತದೆ. ಅದೇ ರೀತಿ ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರಗಳ ರಿಪೇರಿ ಅಂಗಡಿ, ರಸಮೇವು ತಯಾರಿಕೆ, ಸಾಗಾಣಿಕೆ, ಇವೆಲ್ಲಕ್ಕೂ ಗಿರಾಕಿಗಳು ನಮ್ಮ ಸದಸ್ಯರೇ. ಈಗಾಗಲೇ ಪಕ್ಕದ ಊರಿನಲ್ಲಿ ಎರಡು ಗಾಣವಿದ್ದರೆ ಮೂರನೆಯದಕ್ಕೆ ಕೈ ಹಾಕಬೇಡಿ.

ಎಚ್ಚರಿಕೆಯ ಮಾತುಗಳು

1. ಸಹಾಯಧನ ಸಿಗುತ್ತದೆಂಬ ಒಂದೇ ಕಾರಣಕ್ಕೆ ಗೊತ್ತಿಲ್ಲದ ಕಸುಬಿಗೆ ಇಳಿಯಬೇಡಿ.

2. ಮಂಜೂರು ಮಾಡಿಸಿಕೊಡುತ್ತೇನೆಂದು ಶೇಕಡಾವಾರು ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡಿ. ಅರ್ಜಿ ಸಲ್ಲಿಸಲು ಶುಲ್ಕವಿಲ್ಲ.

3. ಸಣ್ಣ ಉದ್ದಿಮೆಗೆ ನೀಡುವ 10 ಲಕ್ಷ ರೂ.ವರೆಗಿನ ಸಾಲಕ್ಕೆ ಬ್ಯಾಂಕು ಜಮೀನು ಅಡವು ಕೇಳುವಂತಿಲ್ಲ. ಪಹಣಿ ಕೇಳಿದರೆ ಯಾವ ಉದ್ದೇಶಕ್ಕೆಂದು ವಿನಯದಿಂದಲೇ ಕೇಳಿ, ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

4. ಹಸು ಮಾರಿ ಸ್ವಂತ ಹಣ ಹೊಂದಿಸಬೇಡಿ. ಹೊಸ ಉದ್ದಿಮೆ ನಿಲ್ಲುವವರೆಗೆ ಮನೆ ನಡೆಸುವುದು ಹಾಲಿನ ಬಟವಾಡೆಯೇ.

ಸಂಘ ಏನು ಮಾಡಬಹುದು?

ಹಿಂದುಳಿದ ತಾಲ್ಲೂಕಿನ ಒಂದು ಕೊರತೆಯೆಂದರೆ ಮಾಹಿತಿ ಬರುವುದೂ ತಡ, ಬಂದದ್ದು ಕೆಲವರಿಗೆ ಮಾತ್ರ. ಈ ಕೊರತೆಯನ್ನು ನೀಗಿಸಲು ಸಂಘಕ್ಕೆ ದೊಡ್ಡ ಹಣ ಬೇಕಿಲ್ಲ. ವರ್ಷಕ್ಕೊಮ್ಮೆ ಬ್ಯಾಂಕ್ ಮ್ಯಾನೇಜರರನ್ನೂ ಜಿಲ್ಲಾ ಕೈಗಾರಿಕಾ ಕೇಂದ್ರದ ಅಧಿಕಾರಿಗಳನ್ನೂ ಸಂಘದ ಕಟ್ಟಡಕ್ಕೆ ಕರೆಸಿ ಸದಸ್ಯರ ಮಕ್ಕಳ ಮುಂದೆ ಕೂರಿಸಬಹುದು. ಯೋಜನೆಯ ವಿವರವನ್ನು ಹಾಲಿನ ದರಪಟ್ಟಿಯ ಪಕ್ಕದಲ್ಲೇ ಅಂಟಿಸಬಹುದು. ಸದಸ್ಯರು ಹಾಲು ಹಾಕಿದ ಪಾಸ್ ಪುಸ್ತಕವನ್ನು ಆದಾಯದ ಆಧಾರವಾಗಿ ಬ್ಯಾಂಕಿಗೆ ತೋರಿಸಲು ಕಾರ್ಯದರ್ಶಿಗಳು ಸಕಾಲದಲ್ಲಿ ಭರ್ತಿ ಮಾಡಿಕೊಡಬೇಕು.

ಪ್ರಾದೇಶಿಕ ಸಮತೋಲನವೆಂಬುದು ವಿಧಾನಸೌಧದಲ್ಲಿ ಮಾತ್ರ ಆಗುವ ಕೆಲಸವಲ್ಲ. ಅದರ ಅರ್ಧ ಭಾಗ ನಮ್ಮ ಊರಿನ ಜಗುಲಿಯ ಮೇಲೆ, ನಮ್ಮ ಲೆಕ್ಕದ ಪುಸ್ತಕದಲ್ಲಿ ಆಗಬೇಕು. ಊರು ಬಿಟ್ಟು ಹೋಗಲೇಬೇಕಾದ ಸ್ಥಿತಿ ನಮ್ಮ ಮಕ್ಕಳಿಗೆ ಬಾರದಂತೆ ನೋಡಿಕೊಳ್ಳೋಣ. ಹೋಗುವವರು ತಮ್ಮ ಇಚ್ಛೆಯಿಂದ ಹೋಗಲಿ, ಉಳಿಯಬೇಕೆನ್ನುವವರಿಗೆ ಇಲ್ಲೇ ಕೆಲಸವಿರಲಿ.

ಸಂಘದ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ತಾಲ್ಲೂಕು ನಂಜುಂಡಪ್ಪ ವರದಿಯ ಯಾವ ಪಟ್ಟಿಯಲ್ಲಿದೆ?
2. ನಮ್ಮ ಸದಸ್ಯರು ಪಟ್ಟಣದಿಂದ ಪ್ರತಿ ತಿಂಗಳು ಕೊಂಡು ತರುವ ಯಾವ ವಸ್ತು ಅಥವಾ ಸೇವೆಯನ್ನು ಊರಿನಲ್ಲೇ ಒದಗಿಸಬಹುದು?
3. ತರಬೇತಿಗೆ ಹೋಗಲು ಸಿದ್ಧರಿರುವ ಯುವಕ ಯುವತಿಯರು ನಮ್ಮಲ್ಲಿ ಎಷ್ಟು ಮಂದಿ? ಹೆಸರು ಬರೆದುಕೊಳ್ಳಿ.