ಮಗನ ಕೈಗೆ ಮೊದಲ ಕೋವಿ: ಯಾವುದು, ಎಂದಿಗೆ?

ಅಡಿಕೆ ಮೂಟೆ ಇಳಿಸಲು ಬಂದಿದ್ದ ಕಮ್ಮರಡಿ ಕಡೆಯ ಸದಸ್ಯರೊಬ್ಬರು ತೂಕದ ಚೀಟಿಗಾಗಿ ಕಾದು ಕುಳಿತಿದ್ದಾಗ ನಮ್ಮನ್ನೊಂದು ಪ್ರಶ್ನೆ ಕೇಳಿದರು. "ನಮ್ಮ ಹುಡುಗನಿಗೆ 12 ತುಂಬಿತು ಮಾರಾಯ್ರೇ. ಹಂದಿ ಕಾಯಲು ನನ್ನ ಜತೆ ಮಾಳಕ್ಕೆ ಬರುತ್ತೇನೆ, ಶಿಕಾರಿ ಕಲಿಸು ಎಂದು ಹಟ. ಅಪ್ಪಯ್ಯನ ಜೋಡುನಳಿಗೆ ಅವನಿಗೆ ಭಾರ. ಹಗುರದ್ದೊಂದು ಕೋವಿ ನೋಡಬೇಕು, ಯಾವುದು ಆದೀತು?" ಹತ್ತಿರ ನಿಂತಿದ್ದ ಇಬ್ಬರು ಮೂವರು ಕೂಡಲೇ ಸಲಹೆ ಕೊಡತೊಡಗಿದರು. ಒಬ್ಬರು ಒಂಟಿನಳಿಗೆ ಎಂದರು, ಇನ್ನೊಬ್ಬರು ಏರ್‌ಗನ್ ಎಂದರು. ಅಲ್ಲಿ ಆಡಿದ ಮಾತಿಗಿಂತ ಸ್ವಲ್ಪ ವಿವರವಾಗಿ, ಎಲ್ಲ ಸದಸ್ಯರಿಗೂ ಉಪಯೋಗವಾಗುವಂತೆ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಶಿಕಾರಿಯ ಮಾತನ್ನು ಮುಗಿಸೋಣ. ಕುವೆಂಪು, ತೇಜಸ್ವಿಯವರನ್ನು ಓದಿ ಬೆಳೆದ ಮಲೆನಾಡಿಗರಿಗೆ ಬೇಟೆಯ ನೆನಪು ರಕ್ತದಲ್ಲೇ ಇದೆ ಎನ್ನಿಸುವುದು ಸಹಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಗೆ ಕಡಿವಾಣ ಬಿತ್ತು. 1991ರ ತಿದ್ದುಪಡಿಯ ನಂತರ ಲೈಸೆನ್ಸು ಪಡೆದು ಶಿಕಾರಿ ಮಾಡುವ ದಾರಿಯೂ ಮುಚ್ಚಿತು. ಕಾಡುಹಂದಿ ಈಗ ಆ ಕಾಯಿದೆಯ ಎರಡನೇ ಅನುಸೂಚಿಯಲ್ಲಿದೆ. ನಮ್ಮ ಕೋವಿ ಲೈಸೆನ್ಸಿನಲ್ಲಿ 'ಬೆಳೆ ರಕ್ಷಣೆ' ಎಂದು ಬರೆದಿರುವುದನ್ನೇ ಕೊಲ್ಲುವ ಅಪ್ಪಣೆ ಎಂದು ತಿಳಿದವರು ಬಹಳ ಮಂದಿ. ಹಾಗಲ್ಲ. ಬೆಳೆಗೆ ಅಪಾಯವಾದ ಪ್ರಾಣಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಲಿಖಿತ ಆದೇಶ ಕೊಡಬೇಕು. ನೆರೆಯ ಕೇರಳದಲ್ಲಿ 2022ರಲ್ಲಿ ಈ ಅಧಿಕಾರವನ್ನು ಹಂದಿಯ ಮಟ್ಟಿಗೆ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟರು. ಮೈಮೇಲೆ ಬಿದ್ದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಹೊಡೆದರೆ ಅದು ಬೇರೆ ಮಾತು. ಹಾಗಾಗಿ ಹುಡುಗನಿಗೆ ನಾವು ಕಲಿಸಬಹುದಾದದ್ದು ಶಿಕಾರಿಯಲ್ಲ, ಕೋವಿಯ ಶಿಸ್ತು ಮಾತ್ರ.

ಎರಡನೆಯದು ವಯಸ್ಸು. 1959ರ ಆಯುಧ ಕಾಯಿದೆಯಲ್ಲಿ ಕೋವಿ ಹೊಂದಲು 16 ವರ್ಷ ತುಂಬಿದ್ದರೆ ಸಾಕಿತ್ತು. 1983ರ ತಿದ್ದುಪಡಿ ಅದನ್ನು 21ಕ್ಕೆ ಏರಿಸಿತು. "ನಾನು ಹೈಸ್ಕೂಲಿನಲ್ಲಿದ್ದಾಗಲೇ ಈಡು ಹೊಡೆದವನು" ಎನ್ನುವ ಹಿರಿಯರ ಮಾತು ಸುಳ್ಳೇನಲ್ಲ, ಆದರೆ ಅದು ಹಳೆಯ ಕಾಲದ ಮಾತು. 12 ವರ್ಷ ತುಂಬಿದ ಮಕ್ಕಳು ಲೈಸೆನ್ಸು ಪಡೆದ ರೈಫಲ್ ಕ್ಲಬ್ಬಿನಲ್ಲಿ ತರಬೇತುದಾರರ ಕಣ್ಣೆದುರು ಗುರಿ ಅಭ್ಯಾಸ ಮಾಡಲು ಅವಕಾಶವಿದೆ. ಅದು ಆಟದ ಕಲಿಕೆ. ತೋಟಕ್ಕೂ ಮಾಳಕ್ಕೂ ಸಂಬಂಧಿಸಿದ್ದಲ್ಲ. ಲೈಸೆನ್ಸು ಇಲ್ಲದ ಕೋವಿ ಸಿಕ್ಕರೆ 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಶಿಕ್ಷೆ. ಊರ ಕುಲುಮೆಯಲ್ಲಿ ಮಾಡಿಸಿದ ನಾಡಕೋವಿಗೂ ಇದೇ ಕಾನೂನು.

ಕೊಡಗಿನ ಉದಾಹರಣೆಯನ್ನು ಅಂದು ಒಬ್ಬರು ಎತ್ತಿದರು. ನಿಜ, ಅಲ್ಲಿ ಗಂಡು ಮಗು ಹುಟ್ಟಿದರೆ ಈಡು ಹಾರಿಸುವ, ಹರಳುಗಿಡದ ಕಡ್ಡಿಯಲ್ಲಿ ಪುಟ್ಟ ಬಿಲ್ಲು ಮಾಡಿ ಮಗುವಿನ ಕೈಗೆ ಮುಟ್ಟಿಸುವ ಸಂಪ್ರದಾಯವಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದೆ. ಆ ವಿನಾಯಿತಿ ಅಲ್ಲಿಯವರದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಮಗೆ ಅನ್ವಯಿಸದು. ನಾವು ಗಮನಿಸಬೇಕಾದದ್ದು ಇನ್ನೊಂದು: ಕೋವಿಯನ್ನು ಇಷ್ಟು ಹಚ್ಚಿಕೊಂಡ ಆ ಜನವೂ ಮಗುವಿಗೆ ಮೊದಲು ಮುಟ್ಟಿಸುವುದು ಹರಳುಕಡ್ಡಿಯ ಬಿಲ್ಲನ್ನು.

ಹಾಗಾದರೆ 12ರ ಹುಡುಗನಿಗೆ ಏನು? ನಮ್ಮ ಉತ್ತರ, ಬಿದಿರಿನ ಪೆಟ್ಲು. ನಗಬೇಡಿ. ಪೆಟ್ಲಿಗೂ ನಳಿಗೆಯಿದೆ, ಈಡಿದೆ, ಗಜವಿದೆ, ಮೂತಿಯಿದೆ. ಅದನ್ನು ಯಾರ ಮುಖಕ್ಕೂ ತಿರುಗಿಸಬಾರದು, ಕಾಯಿ ತುಂಬಿಸಿ ಜಗಲಿಯ ಮೇಲೆ ಬಿಟ್ಟು ಹೋಗಬಾರದು, ಬೇಲಿ ದಾಟುವ ಮೊದಲು ಖಾಲಿ ಮಾಡಬೇಕು ಎಂಬ ನಿಯಮವನ್ನು ಒಂದು ವರ್ಷ ಚಾಚೂ ತಪ್ಪದೆ ಪಾಲಿಸಲಿ. ತಂಗಿಯ ಬೆನ್ನಿಗೆ ಪೆಟ್ಲು ಹೊಡೆದು ನಕ್ಕರೆ ಆ ವರ್ಷ ಮತ್ತೆ ಮೊದಲಿನಿಂದ ಶುರು. ಮರದ ದಬ್ಬೆಯ ಕೋವಿಯನ್ನು ಹೆಗಲಿಗೇರಿಸಿ ಅಪ್ಪನ ಹಿಂದೆ ಕಾಲುದಾರಿಯಲ್ಲಿ ನಡೆಯುವಾಗ ಅದರ ಮೂತಿ ಎತ್ತ ನೋಡುತ್ತಿದೆ ಎಂಬುದು ಅವನಿಗೆ ತಾನಾಗಿ ನೆನಪಿರಬೇಕು. ನೆನಪಿಸಬೇಕಾಗಿ ಬಂದರೆ ಇನ್ನೂ ಕಲಿತಿಲ್ಲ ಎಂದರ್ಥ.

ಏರ್‌ಗನ್ ತಂದುಕೊಡಬಹುದಲ್ಲ ಎಂದವರಿಗೆ ಒಂದು ಮಾತು. 0.177 ಅಂಗುಲಕ್ಕಿಂತ ದಪ್ಪ ನಳಿಗೆಯ ಅಥವಾ 20 ಜೌಲ್‌ಗಿಂತ ಹೆಚ್ಚು ಶಕ್ತಿಯ ಏರ್‌ಗನ್ನಿಗೆ ಲೈಸೆನ್ಸು ಬೇಕು. ಅದಕ್ಕಿಂತ ಸಣ್ಣದರಿಂದಲೂ ಮನುಷ್ಯನ ಕಣ್ಣು ಹೋಗುತ್ತದೆ. ಹುಡುಗ ಅದರಿಂದ ಡಬ್ಬಿಗೆ ಎರಡು ದಿನ ಹೊಡೆದಾನು, ಮೂರನೇ ದಿನ ಗಿಳಿಗೆ, ಕೆಂಜಳಿಲಿಗೆ ಗುರಿ ಇಡುತ್ತಾನೆ. ಅದೂ ಬೇಟೆಯೇ.

ಇದಕ್ಕಿಂತ ಕೆಟ್ಟದ್ದು, ಮಂಗ ಓಡಿಸಲೆಂದು ಪ್ಲಾಸ್ಟಿಕ್ ಪೈಪಿನಲ್ಲಿ ಮಾಡುವ ಕಾರ್ಬೈಡ್ ಕೋವಿ. ಅಗ್ಗ, ಸದ್ದು ಜೋರು, ಲೈಸೆನ್ಸಿನ ಗೊಡವೆಯಿಲ್ಲ ಎಂದು ಮಕ್ಕಳ ಕೈಗೇ ಕೊಡುವ ಮನೆಗಳಿವೆ. ಕಾರ್ಬೈಡಿಗೆ ನೀರು ತಾಗಿದಾಗ ಅಸಿಟಿಲಿನ್ ಅನಿಲ ಹುಟ್ಟುತ್ತದೆ. ಲೈಟರಿನ ಕಿಡಿಗೆ ಅದು ಸಿಡಿಯುತ್ತದೆ. ಕಿಡಿ ಹಾರಿದರೂ ಸಿಡಿಯದಿದ್ದಾಗ ಹುಡುಗರು ಮಾಡುವ ಮೊದಲ ಕೆಲಸ ಪೈಪಿನೊಳಗೆ ಇಣುಕುವುದು. ಸರಿಯಾಗಿ ಆಗಲೇ ಅದು ಹೊತ್ತಿಕೊಳ್ಳುತ್ತದೆ. 2025ರ ದೀಪಾವಳಿಯಲ್ಲಿ ಭೋಪಾಲ ಮತ್ತು ಮಧ್ಯಪ್ರದೇಶದ ಇತರ ಊರುಗಳಲ್ಲಿ ಹೀಗೆಯೇ ಬಹಳ ಮಕ್ಕಳು ಕಣ್ಣಿಗೆ ಪೆಟ್ಟು ಮಾಡಿಕೊಂಡು ಆಸ್ಪತ್ರೆ ಸೇರಿದರು. ನಮ್ಮ ತೋಟಗಳಲ್ಲಿ ಇದನ್ನು ಮಕ್ಕಳಿಗೆ ಕೊಡುವುದನ್ನು ಇಂದೇ ನಿಲ್ಲಿಸಬೇಕು.

ಇನ್ನು ಹುಡುಗ 21 ದಾಟಿ, ತೋಟದ ಜವಾಬ್ದಾರಿ ಹೊತ್ತು, ತನ್ನ ಹೆಸರಿನಲ್ಲಿ ಲೈಸೆನ್ಸು ಪಡೆಯುವ ಹೊತ್ತಿಗೆ ಯಾವ ಕೋವಿ ಎಂಬ ಪ್ರಶ್ನೆ. ಹಗುರ ಕೋವಿಯೇ ಕಲಿಯುವವನಿಗೆ ಒಳ್ಳೆಯದು ಎಂಬ ನಂಬಿಕೆ ಎಲ್ಲೆಡೆ ಇದೆ. ಹೊರಲು ಹಗುರ, ಸರಿ. ಆದರೆ ಒಂದೇ ತೋಟೆಯನ್ನು ಹಗುರ ಕೋವಿಯಿಂದ ಹಾರಿಸಿದರೆ ಒದೆತ ಹೆಚ್ಚು. ಮೊದಲ ಈಡಿಗೇ ಭುಜ ನೊಂದವನು ಎರಡನೆಯ ಸಲ ಕಣ್ಣು ಮುಚ್ಚಿ ಟ್ರಿಗರ್ ಎಳೆಯುತ್ತಾನೆ. ಮೂರು ಕಿಲೋ ಆಸುಪಾಸಿನ ಕೋವಿಗೆ ಹೆದರಬೇಕಾಗಿಲ್ಲ.

ಉದ್ದ ಸರಿಹೊಂದುವುದು ತೂಕಕ್ಕಿಂತ ಮುಖ್ಯ. ಮೊಣಕೈ ಮಡಿಸಿ ಕೋವಿಯ ಬುಡವನ್ನು ಮಡಿಕೆಗೆ ತಾಗಿಸಿ ಹಿಡಿದರೆ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರಿಗೆ ಸರಾಗವಾಗಿ ತಲುಪಬೇಕು. ಬುಡದಿಂದ ಟ್ರಿಗರಿಗೆ ಸಾಮಾನ್ಯವಾಗಿ 14 ಅಂಗುಲದ ಸುತ್ತಮುತ್ತ ಇರುತ್ತದೆ. ಗಿಡ್ಡ ಆಳಿಗೆ ಉದ್ದವಾದರೆ ಬುಡದ ಮರವನ್ನು ಲೈಸೆನ್ಸು ಇರುವ ಕೋವಿ ರಿಪೇರಿಯವರಲ್ಲಿ ತೆಗೆಸಬಹುದು. ನಳಿಗೆಯನ್ನು ಮಾತ್ರ ಕತ್ತರಿಸಬಾರದು. ಅನುಮತಿಯಿಲ್ಲದೆ ನಳಿಗೆ ಗಿಡ್ಡ ಮಾಡುವುದೇ ಅಪರಾಧ.

ಮನೆಯಲ್ಲಿ ಆಗಲೇ 12 ಬೋರಿನ ಕೋವಿ ಇದ್ದರೆ ಮಗನಿಗೆಂದು 20 ಬೋರಿನದು ತರಬೇಡಿ. ಇದಕ್ಕೆ ಬಲವಾದ ಕಾರಣವಿದೆ. 20ರ ತೋಟೆ 12ರ ನಳಿಗೆಯ ಹಿಂಬಾಯಲ್ಲಿ ನಿಲ್ಲದೆ ಒಳಕ್ಕೆ ಜಾರಿ, ತೋಟೆಯ ಮನೆ ಮುಗಿದು ನಳಿಗೆ ಕಿರಿದಾಗುವಲ್ಲಿ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಸದ್ದಿಲ್ಲ; ತೋಟೆ ಹಾಕಲು ಮರೆತೆ ಎಂದುಕೊಂಡು ಕತ್ತಲಲ್ಲಿ ಹಿಂದಿನಿಂದ 12ರ ತೋಟೆ ಹಾಕುತ್ತಾನೆ. ಮುಂದೆ ಆಗುವುದು ನಳಿಗೆ ಒಡೆದು ಎಡಗೈ ಹೋಗುವುದು. ಇಬ್ಬರ ತೋಟೆಗಳು ಒಂದೇ ಚೀಲದಲ್ಲಿ ಬೆರೆತುಹೋಗುವ ಮನೆಯಲ್ಲಿ ಎರಡು ಬೋರು ಇರಕೂಡದು.

ಅಜ್ಜನ ಕಾಲದ ವಿಲಾಯತಿ ಜೋಡುನಳಿಗೆ ಚೆಂದ, ಮಾತಿಲ್ಲ. ಆದರೆ ಅವುಗಳಲ್ಲಿ ಹಲವಕ್ಕೆ ತೋಟೆಯ ಮನೆ 65 ಮಿಲಿಮೀಟರ್ ಉದ್ದ. ಈಗ ಅಂಗಡಿಯಲ್ಲಿ ಸಿಗುವ ತೋಟೆ ಸಾಮಾನ್ಯವಾಗಿ 70ರದ್ದು. ಒಳಗೆ ಕುಳಿತುಕೊಳ್ಳುತ್ತದೆ, ಹಾಗಾಗಿ ಮೋಸ ತಿಳಿಯದು. ಹಾರಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಮೈಮೇಲೆ ಸುರುಳಿ ಸುರುಳಿ ಗೆರೆ ಕಾಣುವ ಡಮಾಸ್ಕಸ್ ನಳಿಗೆಗಳು ಕರಿಮದ್ದಿನ ಕಾಲದವು. ಅವುಗಳಲ್ಲಿ ಈಗಿನ ತೋಟೆ ಹಾಕಲೇಬಾರದು, ಗೋಡೆಯ ಮೇಲಿದ್ದರೆ ಸಾಕು. ನಮ್ಮ ಅಭಿಪ್ರಾಯದಲ್ಲಿ ಹೊಸಬನಿಗೆ ಹಿಂದಿನಿಂದ ಮುರಿದು ತೋಟೆ ಹಾಕುವ, ಹೊರಗೆ ಕುದುರೆ ಕಾಣುವ 12 ಬೋರಿನ ಒಂಟಿನಳಿಗೆಯೇ ಸರಿ. ಕುದುರೆ ಎತ್ತಿದೆಯೋ ಇಳಿದಿದೆಯೋ ಎಂಬುದು ಪಕ್ಕದಲ್ಲಿದ್ದವನಿಗೂ ಕಾಣುತ್ತದೆ. ಮುರಿದು ಹಿಡಿದರೆ ನಳಿಗೆಯ ಆಚೆಯ ಬೆಳಕು ಕಾಣುತ್ತದೆ. ಎರಡನೇ ಈಡಿನ ಆತುರವೂ ಇಲ್ಲ.

ನಮ್ಮಲ್ಲಿ ಬಹಳಷ್ಟು ಮನೆಗಳಲ್ಲಿ ಇರುವುದು ಕೇಪಿನ ಕೋವಿ. ಮುಂದಿನಿಂದ ಮದ್ದು ತುಂಬುವ ಇದನ್ನೇ ಕಾನೂನು ಬೆಳೆ ರಕ್ಷಣೆಗೆ ಮೊದಲು ಹೇಳುತ್ತದೆ; ಇದು ಸಾಲದು ಎಂದು ಲೈಸೆನ್ಸು ಕೊಡುವ ಅಧಿಕಾರಿಗೆ ಮನವರಿಕೆಯಾದರೆ ತೋಟೆ ಕೋವಿ. ಇದರ ಒಂದೇ ದೊಡ್ಡ ದೋಷವೆಂದರೆ ಈಡು ಒಳಗಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಹಿಂದಿನ ವರ್ಷ ಅಪ್ಪ ತುಂಬಿಸಿಟ್ಟದ್ದನ್ನು ಈ ವರ್ಷ ಮಗ ಖಾಲಿ ಎಂದು ಎತ್ತುತ್ತಾನೆ. ಇದಕ್ಕೆ ಉಪಾಯ ಸುಲಭ. ಖಾಲಿ ಎಂದು ಖಚಿತವಾದ ದಿನ ಗಜವನ್ನು ನಳಿಗೆಯೊಳಗೆ ಬುಡದವರೆಗೆ ಬಿಟ್ಟು, ಮೂತಿಯ ಮಟ್ಟಕ್ಕೆ ಸರಿಯಾಗಿ ಗಜದ ಮೇಲೆ ಕಚ್ಚು ಹಾಕಿ. ಮುಂದೆ ಯಾವಾಗ ಕೋವಿ ಮುಟ್ಟಿದರೂ ಮೊದಲು ಕೇಪು ತೆಗೆದು, ಮೂತಿಯ ನೇರಕ್ಕೆ ಮುಖ ಒಡ್ಡದೆ, ಗಜ ಬಿಟ್ಟು ನೋಡಿ. ಕಚ್ಚು ಮೂತಿಗಿಂತ ಮೇಲೆ ನಿಂತಿತೆಂದರೆ ಒಳಗೆ ಏನೋ ಇದೆ. ಅದು ಈಡೇ ಆಗಬೇಕೆಂದಿಲ್ಲ. ಮಳೆಗಾಲದಲ್ಲಿ ಮೂಲೆಗಿಟ್ಟ ಕೋವಿಯ ನಳಿಗೆಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತದೆ. ಆ ಹಿಡಿಯಷ್ಟು ಮಣ್ಣು ನಳಿಗೆ ಸಿಡಿಯಲು ಸಾಕು. ತೋಟೆ ಕೋವಿಗೂ ಇದೇ ಅಪಾಯ.

ಕೇಪು ಸಿಡಿದು ಮದ್ದು ಹೊತ್ತದೆ ಹೋದರೆ ಕೋವಿಯನ್ನು ಹಾಗೆಯೇ ಮಣ್ಣಿನ ದಿಬ್ಬದ ಕಡೆಗೆ ಹಿಡಿದು ಪೂರ್ತಿ ಒಂದು ನಿಮಿಷ ನಿಲ್ಲಬೇಕು. ತೇವ ಹಿಡಿದ ಮದ್ದು ನಿಧಾನವಾಗಿ ಹೊತ್ತಿಕೊಳ್ಳುವುದುಂಟು, ಅದರಲ್ಲೂ ಆಗುಂಬೆಯ ಮಗ್ಗುಲಲ್ಲಿರುವ ನಮ್ಮ ಸೀಮೆಯ ಆಷಾಢದಲ್ಲಿ. ಕರಿಮದ್ದಿನ ಮಸಿ ನೀರು ಹೀರಿ ತುಕ್ಕು ತರುತ್ತದೆ. ಬಳಸಿದ ದಿನವೇ ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಹೊಲಿಗೆ ಯಂತ್ರದ ಎಣ್ಣೆ ಸವರಿ. ತೆಂಗಿನೆಣ್ಣೆ ಬೇಡ, ಮಾಗಿಯ ಚಳಿಗೆ ಕುದುರೆಯ ಸಂದಿಯಲ್ಲೇ ಗಟ್ಟಿಯಾಗುತ್ತದೆ.

ಚರೆ ಎಷ್ಟು ದೂರ ಹೋಗುತ್ತದೆ ಎಂದು ಕೇಳಿದರೆ ಹೆಚ್ಚಿನವರು ನಲವತ್ತು ಮಾರು ಎನ್ನುತ್ತಾರೆ. ಅದು ಪ್ರಾಣಿ ಬೀಳುವ ದೂರ. ಆರನೇ ನಂಬರಿನ ಸಣ್ಣ ಚರೆಯೇ ಸುಮಾರು 200 ಮೀಟರ್ ಹಾರುತ್ತದೆ. ಹಂದಿಗೆಂದು ಹಾಕುವ ಎಸ್.ಜಿ. ಚರೆ 600 ಮೀಟರ್ ಹೋದೀತು. ನಮ್ಮ ತೋಟಗಳ ಆಚೆ ದಂಡೆಯಲ್ಲಿ ಗದ್ದೆ, ಗದ್ದೆಯಾಚೆ ಇನ್ನೊಬ್ಬರ ಮನೆ, ಕೂಲಿಯವರ ಲೈನು. ಹೆದರಿಸಲು ಹಾರಿಸುವುದಾದರೂ ಮೂತಿಯ ನೇರಕ್ಕೆ ಏನಿದೆ ಎಂದು ಹಗಲಿನಲ್ಲೇ ನಡೆದು ನೋಡಿಕೊಂಡಿರಬೇಕು. ಹಂದಿ ಎಂದು ಬಗೆದು ಜತೆಗಾರನಿಗೇ ಹೊಡೆದ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಲ್ಲೆಲ್ಲ ಪೊದೆ ಅಲುಗಿದ್ದಕ್ಕೆ ಹೊಡೆದವರೇ ಹೆಚ್ಚು. ಮಾಳಕ್ಕೆ ಹುಡುಗನನ್ನು ಕರೆದೊಯ್ಯುವುದಾದರೆ ಕೋವಿ ಮನೆಯಲ್ಲಿರಲಿ, ಟಾರ್ಚು ಮತ್ತು ತಗಡಿನ ಡಬ್ಬ ಹೋಗಲಿ.

ಮನೆಯಲ್ಲಿ ಕೋವಿ ಒಂದು ಬೀಗದಲ್ಲಿ, ತೋಟೆ, ಮದ್ದು, ಕೇಪು ಇನ್ನೊಂದು ಬೀಗದಲ್ಲಿ ಇರಬೇಕು. ಅಟ್ಟದ ಮೇಲೆ ಮಕ್ಕಳು ಹತ್ತುವುದಿಲ್ಲ ಎಂದು ನಂಬುವ ತಂದೆ ತಾನು ಚಿಕ್ಕವನಾಗಿದ್ದಾಗ ಎಲ್ಲೆಲ್ಲಿ ಹತ್ತಿದ್ದೆ ಎಂದು ಒಮ್ಮೆ ನೆನೆಸಿಕೊಳ್ಳಲಿ. ಚುನಾವಣೆ ವೇಳೆ ಠಾಣೆಯಲ್ಲಿ ಠೇವಣಿಯಿಟ್ಟ ಕೋವಿ ವಾಪಸು ತಂದಾಗಲೂ ರಶೀದಿ ತಾಳೆ ನೋಡಿದ ಮೇಲೆ ಮೊದಲ ಕೆಲಸ ಗಜ ಬಿಟ್ಟು ನೋಡುವುದೇ.

ಕಡೆಯದಾಗಿ ಕಾಗದಪತ್ರ. ಹೊಸ ಕೋವಿ ಕೊಳ್ಳುವ ಬದಲು ಹಿರಿಯರದನ್ನೇ ಮಗನ ಹೆಸರಿಗೆ ಮಾಡಿಸುವವರು 2016ರ ಆಯುಧ ನಿಯಮಗಳನ್ನು ಗಮನಿಸಿ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಅವರು 25 ವರ್ಷ ಆ ಕೋವಿ ಹೊಂದಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಅರ್ಜಿ ಹಾಕಬಹುದು. ಅರ್ಜಿದಾರನಿಗೆ 21 ತುಂಬಿರಬೇಕು. ಕೋವಿಯ ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ವೈದ್ಯರ ಪ್ರಮಾಣಪತ್ರ, ಮನೆಯಲ್ಲಿ ಭದ್ರವಾಗಿ ಇಡುವ ಬಗ್ಗೆ ಮುಚ್ಚಳಿಕೆ ಬೇಕಾಗುತ್ತವೆ. ಹಿರಿಯರು ತೀರಿಕೊಂಡ ಮೇಲಾದರೆ ಕೋವಿಯನ್ನು ತಡಮಾಡದೆ ಠಾಣೆಗೋ ಲೈಸೆನ್ಸು ಇರುವ ಅಂಗಡಿಗೋ ಒಪ್ಪಿಸಿ ರಶೀದಿ ಪಡೆದು ಅರ್ಜಿ ಹಾಕಬೇಕು. ಲೈಸೆನ್ಸಿನ ಅವಧಿ ಈಗ ಐದು ವರ್ಷ. ನಮ್ಮ ಸದಸ್ಯರ ತಂದೆಯವರಿಗೆ 74. ಮೊಮ್ಮಗನಿಗೆ ಇನ್ನೂ ಒಂಬತ್ತು ವರ್ಷ ಬೇಕು. ಅಲ್ಲಿಯವರೆಗೆ ಆ ಜೋಡುನಳಿಗೆ ತಮ್ಮ ಹೆಸರಿಗೆ ಬರಲೆಂದು ಸದಸ್ಯರೇ ಅರ್ಜಿ ಬರೆಸಿಕೊಂಡು ಹೋದರು. ಅದರ ತೋಟೆಯ ಮನೆ 65ರದ್ದೋ 70ರದ್ದೋ ಅಳತೆ ಮಾಡಿಸಿ ಎಂದು ಹೇಳಿ ಕಳುಹಿಸಿದ್ದೇವೆ.